ಯಂತ್ರ ಮೊದಲೋ, ಮಾಸ್ಕ್ ಮೊದಲೋ: ಸ್ಲೀಪ್ ಅಪ್ನಿಯಾ ಚಿಕಿತ್ಸೆಯ ನಲವತ್ತು ವರ್ಷಗಳ ಚರ್ಚೆ

ಸ್ಲೀಪ್ ಅಪ್ನಿಯಾ ಇದೆ ಎಂದು ಗೊತ್ತಾದ ಮನೆಯಲ್ಲಿ ಮೊದಲ ಮಾತುಕತೆ ಯಂತ್ರದ್ದು. ಯಾವ ಕಂಪನಿಯದು, ಆಟೋ ಬೇಕೋ ಸಾದಾ ಸಾಕೋ, ಸರ್ವಿಸ್ ಎಲ್ಲಿ ಸಿಗುತ್ತದೆ, ಒಟ್ಟು ಎಷ್ಟಾಗುತ್ತದೆ ಎಂದು ನಾಲ್ಕು ಜನರನ್ನು ಕೇಳುತ್ತಾರೆ. ಮಾಸ್ಕಿನ ವಿಷಯ ಬರುವುದು ಕೊನೆಯಲ್ಲಿ. ಬಂದರೂ ಡೀಲರ್ ತನ್ನ ಚೀಲದಿಂದ ತೆಗೆದದ್ದನ್ನು ಮುಖಕ್ಕೆ ಹಿಡಿದು ‘ಸರಿ ಇದೆ’ ಅನ್ನುವಷ್ಟಕ್ಕೆ ಅದು ಮುಗಿಯುತ್ತದೆ. ಕೆಲವು ತಿಂಗಳು ಕಳೆದು ಅದೇ ಯಂತ್ರ ಬೀರುವಿನ ಮೇಲೆ ಸೇರಿರುತ್ತದೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಯಂತ್ರದ ಮೇಲೆ ದೂರು ಹೇಳುವವರು ಕಡಿಮೆ. ಮೂಗಿನ ಬುಡದಲ್ಲಿ ಆದ ಗಾಯ, ಕಣ್ಣಿಗೆ ಬಡಿಯುವ ಗಾಳಿ, ಬೆಳಿಗ್ಗೆ ಮರಳಿನಂತೆ ಒಣಗಿದ ಬಾಯಿ, ಮುಖ ಮುಚ್ಚಿದಾಗ ಆಗುವ ಗಾಬರಿ: ಜನ ಹೇಳುವುದು ಇವನ್ನೇ. ನಾಲ್ಕೂ ಮಾಸ್ಕಿನ ವಿಷಯಗಳು.

ಈ ಚಿಕಿತ್ಸೆಯ ಇತಿಹಾಸವನ್ನೂ ಅದರೊಳಗಿನ ವಾದಗಳನ್ನೂ ನೋಡುತ್ತ ಹೋದಷ್ಟೂ ನನಗೆ ಒಂದು ವಿಷಯ ಖಚಿತವಾಗಿದೆ. ಯಂತ್ರಗಳ ನಡುವಿನ ವ್ಯತ್ಯಾಸಕ್ಕಿಂತ ಮಾಸ್ಕ್‌ಗಳ ನಡುವಿನ ವ್ಯತ್ಯಾಸವೇ ಹೆಚ್ಚಿನ ಜನರ ಚಿಕಿತ್ಸೆಯ ಗತಿಯನ್ನು ತೀರ್ಮಾನಿಸುತ್ತದೆ. ಆದರೆ ನಮ್ಮ ಹಣ, ಗಮನ, ವಿಚಾರಣೆ ಎಲ್ಲವೂ ಯಂತ್ರದ ಕಡೆಗೇ ಹರಿಯುತ್ತಿದೆ.

ರೋಗದ ಅಳತೆ

ನಿದ್ರೆ ಗಾಢವಾದಂತೆ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಉಸಿರಿನ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ, ಕೆಲವರಲ್ಲಿ ಅರ್ಧಂಬರ್ಧ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಹೀಗಾದರೆ ಒಂದು ಘಟನೆ ಎಂದು ಲೆಕ್ಕ. ಗಂಟೆಗೆ ಇಂಥ ಘಟನೆ ಎಷ್ಟು ಎಂಬ ಸರಾಸರಿಗೆ ಎಎಚ್‌ಐ ಎನ್ನುತ್ತಾರೆ. 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. 2004ರಲ್ಲಿ ಪ್ರಕಟವಾದ ಮುಂಬಯಿಯ ಒಂದು ಅಧ್ಯಯನದಲ್ಲಿ, ನಗರವಾಸಿ ಮಧ್ಯವಯಸ್ಕ ಗಂಡಸರಲ್ಲಿ ಶೇ 7.5ರಷ್ಟು ಮಂದಿಗೆ ಉಸಿರುಗಟ್ಟುವಿಕೆಯೂ ಅದರ ಫಲವಾದ ಹಗಲಿನ ತೂಕಡಿಕೆಯೂ ಎರಡೂ ಇದ್ದವು. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ಆಸ್ಪತ್ರೆ ಹೇಳಿದ ಕಾರಣಗಳಲ್ಲಿ ಈ ರೋಗದ ಹೆಸರಿತ್ತು. ಗೊರಕೆ ಗಾಢ ನಿದ್ರೆಯ ಲಕ್ಷಣ ಎಂದೇ ನಂಬಿದ್ದ ಎಷ್ಟೋ ಮನೆಗಳಿಗೆ ಅಂದು ಮೊದಲ ಬಾರಿ ಈ ಹೆಸರು ತಲುಪಿತು.

ಗಂಟಲಿನ ತೂತಿನಿಂದ ಮೂಗಿನ ಮಾಸ್ಕಿಗೆ

1965ರಲ್ಲಿ ಫ್ರಾನ್ಸಿನ ಗಾಸ್ಟೋ ತಂಡವೂ ಜರ್ಮನಿಯ ಯುಂಗ್ ಮತ್ತು ಕೂಲೋ ಕೂಡ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ನಿದ್ರೆಯಲ್ಲಿ ಉಸಿರು ನಿಲ್ಲುವುದನ್ನು ದಾಖಲಿಸಿದರು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಶ್ಚಿಯನ್ ಗಿಯೆಮಿನೋ ಮತ್ತು ಸಂಗಡಿಗರು ಇದಕ್ಕೊಂದು ರೋಗದ ರೂಪ ಕೊಟ್ಟರು. ಚಿಕಿತ್ಸೆ ಮಾತ್ರ ಭಯಾನಕವಾಗಿತ್ತು. ಕುತ್ತಿಗೆಯಲ್ಲಿ ತೂತು ಕೊರೆದು ಶ್ವಾಸನಾಳಕ್ಕೆ ಕೊಳವೆ ಇಡುವ ಟ್ರೇಕಿಯಾಸ್ಟಮಿ ಮಾಡುತ್ತಿದ್ದರು. ಅದರಿಂದ ರೋಗವೇನೋ ಗುಣವಾಗುತ್ತಿತ್ತು, ಆದರೆ ಬದುಕಿನುದ್ದಕ್ಕೂ ಆ ತೂತನ್ನು ಹೊತ್ತು ತಿರುಗಬೇಕಾಗಿತ್ತು.

ಸಿಡ್ನಿ ವಿಶ್ವವಿದ್ಯಾಲಯದ ವೈದ್ಯ ಕಾಲಿನ್ ಸಲಿವನ್ ಹಿಂದೆ ಟೊರಾಂಟೊದಲ್ಲಿ, ಮಲಗಿದ ನಾಯಿಗಳ ಉಸಿರಾಟದ ಮೇಲೆ ಕೆಲಸ ಮಾಡಿದ್ದರು. 1980ರ ಜೂನ್‌ನಲ್ಲಿ ಅವರ ಬಳಿ ಒಬ್ಬ ರೋಗಿಯಿದ್ದ. ಟ್ರೇಕಿಯಾಸ್ಟಮಿ ಬೇಡವೆಂದ, ಆದರೆ ಹೊಸ ಪ್ರಯೋಗಕ್ಕೆ ಒಪ್ಪಿದ. ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನಿಂದ ಗಾಳಿ ತಂದು, ಮೂಗಿನ ಮೇಲೆ ಕೂರಿಸಿದ ಮಾಸ್ಕಿನ ಮೂಲಕ ಹಾಯಿಸಿದರು. ಒತ್ತಡ ಒಂದು ಮಟ್ಟ ತಲುಪಿದ್ದೇ ಗಂಟಲು ತೆರೆದುಕೊಂಡಿತು, ಉಸಿರುಗಟ್ಟುವುದು ನಿಂತಿತು. ಐವರು ರೋಗಿಗಳ ವರದಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ನಾವು ಸಿಪ್ಯಾಪ್ ಎನ್ನುವ ಚಿಕಿತ್ಸೆ ಶುರುವಾದದ್ದು ಹೀಗೆ.

ಆ ಕಾಲದ ಮಾಸ್ಕುಗಳ ಕಥೆಯನ್ನು ಹೆಚ್ಚು ಜನ ಹೇಳುವುದಿಲ್ಲ. ಪ್ರತಿ ರೋಗಿಯ ಮೂಗಿನ ಅಚ್ಚು ತೆಗೆದು ಅವನೊಬ್ಬನಿಗೇ ಒಂದು ಮಾಸ್ಕ್ ಎರಕ ಹೊಯ್ಯುತ್ತಿದ್ದರು. ಪ್ರತಿ ರಾತ್ರಿ ಅದನ್ನು ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸಿ, ಬೆಳಿಗ್ಗೆ ಕಿತ್ತು ತೆಗೆಯಬೇಕಿತ್ತು. ಅಷ್ಟು ಕಷ್ಟಪಟ್ಟೂ ಜನ ಬಳಸಿದರು, ಯಾಕೆಂದರೆ ವರ್ಷಗಳಿಂದ ಕಾಣದ ನಿದ್ರೆ ಅವರಿಗೆ ಸಿಕ್ಕಿತ್ತು. 1980ರ ದಶಕದ ನಡುವೆ ಅಮೆರಿಕದ ರೆಸ್ಪಿರಾನಿಕ್ಸ್ ಮಾರುಕಟ್ಟೆಗೆ ಯಂತ್ರ ತಂದಿತು. 1989ರಲ್ಲಿ ಸಲಿವನ್ನರ ಆವಿಷ್ಕಾರವನ್ನೇ ಆಧಾರವಾಗಿಟ್ಟುಕೊಂಡು ಪೀಟರ್ ಫ್ಯಾರೆಲ್ ಕಟ್ಟಿದ ಕಂಪನಿ ಮುಂದೆ ರೆಸ್‌ಮೆಡ್ ಆಯಿತು. ನ್ಯೂಜಿಲೆಂಡಿನ ಫಿಷರ್ ಅಂಡ್ ಪೇಕಲ್ ಬಿಸಿ ತೇವಾಂಶದ ತಂತ್ರದಲ್ಲಿ ಪಳಗಿತು. ಮೋಟಾರು ಚಿಕ್ಕದಾಯಿತು, ಸದ್ದು ಅಡಗಿತು, ಬೆಲೆ ಇಳಿಯಿತು. ಯಂತ್ರದ ದೊಡ್ಡ ತೊಡಕುಗಳು ಹೆಚ್ಚು ಕಡಿಮೆ ಇಪ್ಪತ್ತು ವರ್ಷಗಳಲ್ಲಿ ಬಗೆಹರಿದವು. ಗಟ್ಟಿ ಪ್ಲಾಸ್ಟಿಕ್ಕಿನ ಕೊನೆಯನ್ನು ಮೆತ್ತಗಿನ ಮುಖಕ್ಕೆ ಸೋರದಂತೆ, ನೋಯದಂತೆ ಕೂರಿಸುವ ತೊಡಕು ಇಂದಿಗೂ ಬಗೆಹರಿದಿಲ್ಲ.

ಒಂದೇ ಒತ್ತಡವೋ, ಬದಲಾಗುವ ಒತ್ತಡವೋ

ಯಂತ್ರದ ಬಗೆಗಿನ ಹಳೆಯ ವಾದ ಇದು. ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಹತ್ತು ಸೆಂಟಿಮೀಟರ್ ಎಂದರೆ ಅಷ್ಟು ಎತ್ತರದ ನೀರು ತನ್ನ ತಳದ ಮೇಲೆ ಹಾಕುವ ಭಾರ, ಅಂದರೆ ವಾತಾವರಣದ ಒತ್ತಡದ ಸುಮಾರು ನೂರರಲ್ಲಿ ಒಂದು ಪಾಲು. ಅಷ್ಟರಿಂದಲೇ ಬಹುಪಾಲು ಗಂಟಲುಗಳು ತೆರೆದುಕೊಳ್ಳುತ್ತವೆ. ಮನೆಯ ಯಂತ್ರಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಕೊಡಬಲ್ಲವು.

ಸ್ಥಿರ ಒತ್ತಡದ ಪಂಥದವರು ಹೇಳುವುದು ಹೀಗೆ. ಪ್ರಯೋಗಾಲಯದಲ್ಲಿ ಒಂದು ರಾತ್ರಿ ಮಲಗಿಸಿ, ತಂತ್ರಜ್ಞರು ಎದುರಿಗೇ ಕೂತು, ಬೆನ್ನ ಮೇಲೆ ಮಲಗಿದಾಗ ಎಷ್ಟು ಬೇಕು, ಕನಸಿನ ನಿದ್ರೆಯಲ್ಲಿ ಎಷ್ಟು ಬೇಕು ಎಂದು ಕಣ್ಣಾರೆ ನೋಡಿ ಒಂದು ಅಂಕಿ ಗೊತ್ತುಮಾಡಬೇಕು. ಒತ್ತಡ ಏರಿಳಿಯದಿದ್ದರೆ ನಿದ್ರೆ ಕದಡುವುದಿಲ್ಲ. ಕೆಲವು ಹೋಲಿಕೆಗಳಲ್ಲಿ ಸ್ಥಿರ ಒತ್ತಡದವರ ರಕ್ತದೊತ್ತಡ ತುಸು ಹೆಚ್ಚು ಇಳಿದದ್ದೂ ಕಂಡಿದೆ.

ಆಟೋ ಪಂಥ 1990ರ ದಶಕದಲ್ಲಿ ಹುಟ್ಟಿತು. ಒಬ್ಬ ಮನುಷ್ಯನ ಎಲ್ಲ ರಾತ್ರಿಗಳೂ ಒಂದೇ ಅಲ್ಲ. ನೆಗಡಿಯ ರಾತ್ರಿ ಬೇರೆ, ಮದ್ಯ ಕುಡಿದ ರಾತ್ರಿ ಬೇರೆ, ಮಗ್ಗುಲಾಗಿ ಮಲಗಿದ ರಾತ್ರಿ ಬೇರೆ. ಯಂತ್ರವೇ ಉಸಿರಿನ ಅಲೆಯನ್ನು ನೋಡಿ ಬೇಕಾದಷ್ಟು ಏರಿಸಿ ಇಳಿಸಲಿ ಎಂಬುದು ಇವರ ವಾದ. ಪ್ರಯೋಗಾಲಯದ ರಾತ್ರಿಯ ಖರ್ಚೂ ಉಳಿಯುತ್ತದೆ.

ಪ್ರಯೋಗಗಳು ಈ ಜಗಳವನ್ನು ಬಹುಮಟ್ಟಿಗೆ ತಣಿಸಿವೆ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿದ 2019ರ ಕಾಕ್ರೇನ್ ವಿಮರ್ಶೆಯಲ್ಲಿ ಆಟೋ ಯಂತ್ರದವರು ಸ್ಥಿರ ಒತ್ತಡದವರಿಗಿಂತ ರಾತ್ರಿಗೆ ಸುಮಾರು 13 ನಿಮಿಷ ಮಾತ್ರ ಹೆಚ್ಚು ಬಳಸಿದ್ದರು. ಅದೇ ವರ್ಷ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ ತನ್ನ ಮಾರ್ಗಸೂಚಿಯಲ್ಲಿ, ಬೇರೆ ದೊಡ್ಡ ಕಾಯಿಲೆ ಇಲ್ಲದವರಿಗೆ ಎರಡರಲ್ಲಿ ಯಾವುದಾದರೂ ಸರಿ ಎಂದಿತು. ಪ್ರಯೋಗಾಲಯಗಳು ದೊಡ್ಡ ಊರುಗಳಲ್ಲಷ್ಟೇ ಇರುವ ನಮ್ಮಂಥ ಕಡೆ ಆಟೋ ಯಂತ್ರವೇ ಅನುಕೂಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಕಾರ್ಖಾನೆಯಿಂದ ಬಂದ ಹಾಗೆ 4ರಿಂದ 20ಕ್ಕೆ ಬಿಟ್ಟುಬಿಡುವುದು ಒಳ್ಳೆಯದಲ್ಲ. 4ರಲ್ಲಿ ಅನೇಕರಿಗೆ ಗಾಳಿ ಸಾಲದೆ ಉಸಿರು ಕಟ್ಟಿದಂತಾಗುತ್ತದೆ. ಮೇಲಿನ ಮಿತಿ ಇಲ್ಲದಿದ್ದರೆ ಮಾಸ್ಕ್ ಸೋರಿದಾಗ ಕೆಲವು ಯಂತ್ರಗಳು ದಾರಿ ತಪ್ಪಿ ಒತ್ತಡ ಏರಿಸುತ್ತ ಹೋಗುತ್ತವೆ. ಒಂದೆರಡು ವಾರದ ದಾಖಲೆ ನೋಡಿ ಕೆಳಮಿತಿ ಮೇಲ್ಮಿತಿ ಎರಡನ್ನೂ ಬಿಗಿ ಮಾಡಿಕೊಡಿ ಎಂದು ವೈದ್ಯರನ್ನು ಕೇಳಬೇಕು.

ಉಸಿರು ಬಿಡುವಾಗ ಒತ್ತಡ ಸ್ವಲ್ಪ ತಗ್ಗಿಸುವ ಸೌಲಭ್ಯವನ್ನು ಪ್ರತಿ ಕಂಪನಿ ಬೇರೆ ಬೇರೆ ಹೆಸರಲ್ಲಿ ಮಾರುತ್ತದೆ. ಅದರಿಂದ ಬಳಕೆ ಹೆಚ್ಚಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಹಿತವೆನಿಸಿದರೆ ಬಳಸಬಹುದು, ಅದಕ್ಕಾಗಿಯೇ ಹೆಚ್ಚು ಹಣ ತೆರಬೇಕಿಲ್ಲ.

ಬೈಪ್ಯಾಪ್ ಮತ್ತು ಅದರಾಚೆ

ಉಸಿರು ಒಳಗೆಳೆಯುವಾಗ ಒಂದು ಒತ್ತಡ, ಬಿಡುವಾಗ ಇನ್ನೊಂದು ಕೊಡುವುದು ಬೈಪ್ಯಾಪ್. ಬೆಲೆ ಹೆಚ್ಚಾದ್ದರಿಂದ ಚಿಕಿತ್ಸೆಯೂ ಹೆಚ್ಚು ಒಳ್ಳೆಯದಿರಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸಾಮಾನ್ಯ ಅಪ್ನಿಯಾಗೆ ಅದು ಮೊದಲ ಆಯ್ಕೆಯಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವವರಿಗೆ, ಸ್ನಾಯು ದೌರ್ಬಲ್ಯ ಇರುವವರಿಗೆ, ಸಿಪ್ಯಾಪಿನ ಹೆಚ್ಚಿನ ಒತ್ತಡ ತಾಳದವರಿಗೆ ಅದು ಬೇಕು. ಅತಿ ಬೊಜ್ಜಿನಿಂದ ಹಗಲಲ್ಲೂ ಉಸಿರಾಟ ಮಂದವಾದವರ ಬಗ್ಗೆ ಸ್ಪೇನಿನಲ್ಲಿ ನಡೆದ ಪಿಕ್‌ವಿಕ್ ಅಧ್ಯಯನದ 2019ರ ಫಲಿತಾಂಶ ಇಲ್ಲಿ ಮುಖ್ಯ. ತೀವ್ರ ಅಪ್ನಿಯಾವೂ ಜೊತೆಗಿದ್ದ ಈ ರೋಗಿಗಳಲ್ಲಿ ಕಡಿಮೆ ಬೆಲೆಯ ಸಿಪ್ಯಾಪ್ ದೀರ್ಘಕಾಲದಲ್ಲಿ ದುಬಾರಿ ಯಂತ್ರದಷ್ಟೇ ಕೆಲಸ ಮಾಡಿತ್ತು.

ಪ್ರತಿ ಉಸಿರಿಗೂ ಬೆಂಬಲ ಬದಲಿಸುವ ಅಡಾಪ್ಟಿವ್ ಸರ್ವೋ ವೆಂಟಿಲೇಟರ್ ಕೇಂದ್ರೀಯ ಅಪ್ನಿಯಾಗೆ, ಅಂದರೆ ಗಂಟಲು ತೆರೆದೇ ಇದ್ದರೂ ಮಿದುಳಿನಿಂದ ಉಸಿರಾಟದ ಆಜ್ಞೆ ಬಾರದ ರೋಗಕ್ಕೆ, ತಯಾರಾದದ್ದು. ಹೃದಯ ದುರ್ಬಲವಾದವರಿಗೆ ಇದು ವರವಾಗುತ್ತದೆ ಎಂದು ಎಲ್ಲರೂ ನಂಬಿದ್ದರು. 2015ರಲ್ಲಿ ಸರ್ವ್-ಎಚ್‌ಎಫ್ ಪ್ರಯೋಗ ಅದನ್ನು ತಲೆಕೆಳಗು ಮಾಡಿತು. ಹೃದಯದ ಪಂಪಿಂಗ್ ಶಕ್ತಿ ಶೇ 45 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಯಂತ್ರ ಬಳಸಿದ ಗುಂಪಿನಲ್ಲೇ ಹೃದಯ ಸಂಬಂಧಿ ಸಾವು ಹೆಚ್ಚಾಗಿತ್ತು. 2023ರಲ್ಲಿ ಬಂದ ಇನ್ನೊಂದು ದೊಡ್ಡ ಪ್ರಯೋಗ ಬೇರೊಂದು ಯಂತ್ರದಲ್ಲಿ ಆ ಹಾನಿಯನ್ನು ಕಾಣಲಿಲ್ಲ. ಹೃದ್ರೋಗಿಗಳು ಅಂಗಡಿಯವರ ಮಾತು ನಂಬಿ ಯಂತ್ರದ ಬಗೆ ಬದಲಿಸಬಾರದು ಎಂಬುದಕ್ಕೆ ಇಷ್ಟು ಸಾಕು.

ಮಾಸ್ಕ್: ನಿಜವಾದ ತೀರ್ಮಾನ ಆಗುವ ಜಾಗ

ಮುಖ್ಯವಾಗಿ ಮೂರು ಬಗೆ. ಮೂಗನ್ನು ಮಾತ್ರ ಮುಚ್ಚುವ ನೇಸಲ್ ಮಾಸ್ಕ್, ಹೊಳ್ಳೆಗಳ ಬಾಯಿಗೆ ಕೂರುವ ನೇಸಲ್ ಪಿಲ್ಲೊ, ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್. ನಮ್ಮಲ್ಲಿ ಹೆಚ್ಚಿನವರ ಕೈಗೆ ಮೊದಲು ಬರುವುದು ಫುಲ್ ಫೇಸ್. ಕಾರಣ ಕೇಳಿದರೆ ಉತ್ತರ ಸಿದ್ಧ: ‘ಇವರು ಬಾಯಿ ತೆರೆದು ಮಲಗುತ್ತಾರೆ.’

ಈ ಉತ್ತರವನ್ನು ಒಪ್ಪುವ ಮೊದಲು ನಿಂತು ಯೋಚಿಸಬೇಕು. ಸಿಪ್ಯಾಪ್ ಕೆಲಸ ಮಾಡುವುದೇ ಮೂಗಿನ ಕಡೆಯ ಒತ್ತಡ ಬಾಯಿಯ ಕಡೆಗಿಂತ ಹೆಚ್ಚಿರುವುದರಿಂದ. ಹಿಂದಿನಿಂದ ಬರುವ ಗಾಳಿ ಕಿರುನಾಲಿಗೆಯ ಪರದೆಯನ್ನೂ ನಾಲಿಗೆಯನ್ನೂ ಮುಂದಕ್ಕೆ ತಳ್ಳಿ ದಾರಿ ಬಿಡಿಸುತ್ತದೆ. ಬಾಯಿಯನ್ನೂ ಅದೇ ಮಾಸ್ಕಿನೊಳಗೆ ಸೇರಿಸಿದರೆ ಎರಡೂ ಕಡೆ ಒತ್ತಡ ಸಮವಾಗಿ, ಆ ತಳ್ಳಾಟದ ಬಲ ಕುಗ್ಗುತ್ತದೆ. ಜೊತೆಗೆ ಮಾಸ್ಕಿನ ಪಟ್ಟಿಗಳು ಗದ್ದವನ್ನು ಹಿಂದಕ್ಕೆ ಒತ್ತುತ್ತವೆ. ನಾಲಿಗೆಯೂ ಗದ್ದದ ಜೊತೆಗೇ ಹಿಂದೆ ಸರಿಯುತ್ತದೆ. ಅಧ್ಯಯನಗಳಲ್ಲಿ ಫುಲ್ ಫೇಸ್ ಬಳಸುವವರಿಗೆ ಹೆಚ್ಚು ಒತ್ತಡ ಬೇಕಾದದ್ದು, ಅಷ್ಟಾದರೂ ಉಳಿಕೆ ಘಟನೆಗಳು ಹೆಚ್ಚಿದ್ದದ್ದು, ಬಳಕೆಯ ಗಂಟೆಗಳು ಕಡಿಮೆಯಾದದ್ದು ಮತ್ತೆ ಮತ್ತೆ ಕಂಡಿದೆ. 2019ರ ಅಮೆರಿಕನ್ ಮಾರ್ಗಸೂಚಿ ನೇಸಲ್ ಅಥವಾ ಪಿಲ್ಲೊ ಮಾಸ್ಕಿನಿಂದಲೇ ಶುರುಮಾಡಿ ಎಂದದ್ದು ಇದಕ್ಕೇ.

ಬಾಯಿಂದ ಉಸಿರಾಡುವವರಲ್ಲಿ ಎರಡು ಬಗೆಯವರಿದ್ದಾರೆ. ಗಂಟಲು ಕಟ್ಟಿದಾಗ ಗಾಳಿಗಾಗಿ ಬಾಯಿ ತೆರೆಯುವವರು ಒಂದು ಬಗೆ. ಒತ್ತಡ ಸರಿಯಾದ ಮೇಲೆ ಇವರಲ್ಲಿ ಎಷ್ಟೋ ಜನರ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಬಗೆಯವರಿಗೆ ಮೂಗೇ ಕಟ್ಟಿರುತ್ತದೆ. ಬೆಂಗಳೂರಿನಲ್ಲಿ ಇಂಥವರಿಗೆ ಕೊರತೆಯಿಲ್ಲ. ಪಾರ್ಥೇನಿಯಂ ಪರಾಗ, ರಸ್ತೆಯ ದೂಳು, ಮನೆಯ ಹಾಸಿಗೆಯ ಹುಳಗಳು ಸೇರಿ ವರ್ಷವಿಡೀ ಸೀನುವವರ ಊರದು. ಇಂಥವರಿಗೆ ಮಾಸ್ಕಿಗಿಂತ ಮುಂಚೆ ಮೂಗಿನ ಚಿಕಿತ್ಸೆ ಬೇಕು. ಅಲರ್ಜಿಯ ಔಷಧಿ, ಮೂಗಿನ ಸ್ಪ್ರೇ, ಕುದಿಸಿ ಆರಿಸಿದ ಉಪ್ಪುನೀರಿನಿಂದ ಜಲನೇತಿ, ಅಗತ್ಯವಿದ್ದರೆ ಒಳಗಿನ ಮೂಳೆಯ ಶಸ್ತ್ರಚಿಕಿತ್ಸೆ. ಇಷ್ಟಾದ ಮೇಲೂ ಮೂಗು ತೆರೆಯದಿದ್ದರೆ ಫುಲ್ ಫೇಸ್ ಸರಿಯಾದ ಆಯ್ಕೆ. ಅದು ಜೀವ ಉಳಿಸುವ ಸಾಧನ, ಅದನ್ನು ತೆಗಳಬೇಕಾಗಿಲ್ಲ. ವಾಂತಿಯಾದಾಗ ಸ್ವತಃ ಮಾಸ್ಕ್ ಕಿತ್ತುಕೊಳ್ಳಲಾಗದ ರೋಗಿಗಳಿಗೆ ಮಾತ್ರ ಅದು ಅಪಾಯಕಾರಿ ಎಂಬುದನ್ನು ನೋಡಿಕೊಳ್ಳುವ ಮನೆಯವರು ಮರೆಯಬಾರದು.

ಬಾಯಿಗೆ ಟೇಪ್ ಅಂಟಿಸುವ ಪಂಥವೊಂದು ಇತ್ತೀಚೆಗೆ ಜೋರಾಗಿದೆ. ಮೂಗು ಪೂರ್ತಿ ತೆರೆದಿದ್ದು, ವೈದ್ಯರು ಒಪ್ಪಿದ್ದರೆ ಬೇರೆ ಮಾತು. ಮೂಗು ಕಟ್ಟಿದವರು ಬಾಯಿಯನ್ನೂ ಮುಚ್ಚಿಕೊಂಡು ಮಲಗುವುದನ್ನು ನಾನು ಯಾರಿಗೂ ಹೇಳಲಾರೆ.

ಅಳತೆಯ ವಿಷಯಕ್ಕೆ ಬರೋಣ. ಮಾಸ್ಕನ್ನು ಕುರ್ಚಿಯಲ್ಲಿ ಕೂತು ನೋಡಿದರೆ ಏನೂ ತಿಳಿಯದು. ಮಲಗಿದಾಗ ಕೆನ್ನೆ ಜಾರುತ್ತದೆ, ಗದ್ದ ಸಡಿಲುತ್ತದೆ. ಯಂತ್ರಕ್ಕೆ ಜೋಡಿಸಿ, ರಾತ್ರಿ ಬೇಕಾಗುವ ಒತ್ತಡದಲ್ಲೇ ಗಾಳಿ ಬಿಟ್ಟು, ಬೆನ್ನ ಮೇಲೂ ಎರಡೂ ಮಗ್ಗುಲಿಗೂ ಮಲಗಿ ನೋಡಬೇಕು. ಇಂದಿನ ಬಹುಪಾಲು ಮಾಸ್ಕುಗಳ ಸಿಲಿಕೋನ್ ಅಂಚು ಒಳಗಿನ ಗಾಳಿಯಿಂದ ಉಬ್ಬಿ ಚರ್ಮಕ್ಕೆ ಕೂರುವಂಥದ್ದು. ಪಟ್ಟಿ ಬಿಗಿದಷ್ಟೂ ಆ ಅಂಚು ಸುಕ್ಕಾಗಿ ಸೋರಿಕೆ ಹೆಚ್ಚುತ್ತದೆ. ಸೋರುತ್ತಿದೆ ಎಂದು ಇನ್ನಷ್ಟು ಬಿಗಿಯುವುದು, ಬಿಗಿದು ಗಾಯ ಮಾಡಿಕೊಳ್ಳುವುದು, ಗಾಯವಾಯಿತೆಂದು ಚಿಕಿತ್ಸೆಯನ್ನೇ ಬಿಡುವುದು: ಈ ಸರಪಳಿಯನ್ನು ಯಾರಾದರೂ ಮೊದಲ ವಾರದಲ್ಲೇ ಕಡಿದರೆ ಎಷ್ಟೋ ಜನ ಉಳಿದುಕೊಳ್ಳುತ್ತಾರೆ.

ನಮ್ಮ ಮುಖ, ನಮ್ಮ ನೀರು, ನಮ್ಮ ಕರೆಂಟು

ಪುಸ್ತಕಗಳಲ್ಲಿ ಇಲ್ಲದ ಪ್ರಶ್ನೆಗಳು ನಮ್ಮ ಮನೆಗಳಲ್ಲಿವೆ. ಮೀಸೆ ಇರುವವರಿಗೆ ನೇಸಲ್ ಮಾಸ್ಕಿನ ಕೆಳಗಂಚು ಕೂದಲ ಮೇಲೆ ಕೂತು ಸೋರುತ್ತದೆ. ಅಂಥವರಿಗೆ ಪಿಲ್ಲೊ ಅನೇಕ ಸಲ ಒಗ್ಗುತ್ತದೆ. ದಟ್ಟ ಗಡ್ಡದ ಮೇಲೆ ಫುಲ್ ಫೇಸ್ ನಿಲ್ಲುವುದು ಕಷ್ಟ. ಮೂಗುಬೊಟ್ಟು ಹಾಕಿದ ಹೆಂಗಸರಿಗೆ ಪಿಲ್ಲೊ ಚುಚ್ಚುತ್ತದೆ, ನೇಸಲ್ ಮಾಸ್ಕಿನ ಅಂಚೂ ತಾಗಬಹುದು. ಮದುವೆಯಾದಾಗಿನಿಂದ ತೆಗೆಯದ ಬೊಟ್ಟನ್ನು ರಾತ್ರಿ ತೆಗೆಯಿರಿ ಎಂದು ಹೇಳುವ ಮುಂಚೆ ಅಗಲವಾದ ನೇಸಲ್ ಮಾಸ್ಕನ್ನು ತೋರಿಸುವ ಸಹನೆ ಮಾರುವವರಿಗೆ ಇರಬೇಕು. ಕಟ್ಟಿದ ಹಲ್ಲು ತೆಗೆದಿಟ್ಟು ಮಲಗುವ ಅಜ್ಜ ಅಜ್ಜಿಯರ ಗದ್ದದ ಆಕಾರ ರಾತ್ರಿ ಬೇರೆಯೇ, ಆದ್ದರಿಂದ ಅವರಿಗೆ ಹಲ್ಲಿಲ್ಲದೆಯೇ ಅಳತೆ ನೋಡಬೇಕು. ಮುಖಕ್ಕೆ ಹಚ್ಚಿದ ಕ್ರೀಮು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಸಿಲಿಕೋನಿನ ಹಿಡಿತವನ್ನು ಸಡಿಲಿಸುತ್ತವೆ. ಮಲಗುವ ಮುಂಚೆ ಮುಖ ತೊಳೆಯುವುದು, ದಿನವೂ ಮಾಸ್ಕಿನ ಅಂಚನ್ನು ಸೌಮ್ಯ ಸೋಪಿನಿಂದ ತೊಳೆಯುವುದು ಸಾಕು. ಓಝೋನ್ ಬಿಟ್ಟು ಸ್ವಚ್ಛ ಮಾಡುವ ಪೆಟ್ಟಿಗೆಗಳ ವಿರುದ್ಧ ಅಮೆರಿಕದ ಎಫ್‌ಡಿಎ 2020ರಲ್ಲೇ ಎಚ್ಚರಿಸಿದೆ.

ಹ್ಯುಮಿಡಿಫೈಯರಿಗೆ, ಅಂದರೆ ತೇವಾಂಶದ ಡಬ್ಬಿಗೆ, ಬಟ್ಟಿ ಇಳಿಸಿದ ನೀರು ಬೇಕು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಆವಿಯಾದ ಮೇಲೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಕುದಿಸಿದರೂ ಗಡಸು ಪೂರ್ತಿ ಹೋಗದು. ಇನ್ವರ್ಟರ್ ಬ್ಯಾಟರಿಗೆಂದು ಮಾರುವ ನೀರು ಉಸಿರಾಟಕ್ಕಾಗಿ ತಯಾರಾದದ್ದಲ್ಲ. ಮಡಿಕೇರಿ, ಚಿಕ್ಕಮಗಳೂರಿನ ಚಳಿರಾತ್ರಿಗಳಲ್ಲಿ ಬಿಸಿ ತೇವದ ಗಾಳಿ ಕೊಳವೆಯಲ್ಲೇ ತಣಿದು ನೀರಾಗಿ ಮೂಗಿಗೆ ಸಿಡಿಯುತ್ತದೆ. ಬಿಸಿಯಾಗುವ ಕೊಳವೆ ಅಥವಾ ಕೊಳವೆಗೊಂದು ಬಟ್ಟೆಯ ತೊಡಿಗೆ ಅಲ್ಲಿ ಬೇಕೇ ಬೇಕು. ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ತೇವವಾಗಿರುವಾಗ ಹ್ಯುಮಿಡಿಫೈಯರನ್ನು ಬಹಳ ತಗ್ಗಿಸಬಹುದು. ರಾಯಚೂರಿನ ಬೇಸಿಗೆಗೆ ಅದು ತಿರುಗುಮುರುಗು.

ಹಳ್ಳಿಯಲ್ಲಿ ಯಂತ್ರ ಬಳಸುವವರಿಗೆ ಕರೆಂಟಿನ ಚಿಂತೆ ದೊಡ್ಡದು. ಯಂತ್ರ ಎಳೆಯುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ನೀರು ಬಿಸಿ ಮಾಡಲು ಹೋಗುತ್ತದೆ. ಬ್ಯಾಟರಿಯ ಮೇಲೆ ಓಡಿಸುವ ರಾತ್ರಿ ಹ್ಯುಮಿಡಿಫೈಯರ್ ಆರಿಸಿದರೆ ಅದೇ ಬ್ಯಾಟರಿ ಬಹಳ ಹೆಚ್ಚು ಹೊತ್ತು ಬರುತ್ತದೆ. ಕರೆಂಟು ಹೋದ ಕೂಡಲೇ ಉಸಿರು ಕಟ್ಟಿ ಹೋಗುತ್ತದೆ ಎಂಬ ಭಯ ಅನೇಕರಿಗಿದೆ. ಫುಲ್ ಫೇಸ್ ಮಾಸ್ಕಿನಲ್ಲಿ ಗಾಳಿ ನಿಂತಾಗ ತೆರೆದುಕೊಳ್ಳುವ ಕವಾಟವಿದೆ, ನೇಸಲ್ ಮಾಸ್ಕಿನವರಿಗೆ ಬಾಯಿ ತೆರೆದೇ ಇದೆ. ಈ ಮಾತನ್ನು ಮೊದಲ ದಿನವೇ ಹೇಳಿದರೆ ರೋಗಿಯ ಎದೆಯ ಭಾರ ಅರ್ಧ ಇಳಿಯುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ಅಪ್ಪನಿಗೆಂದು ಯಂತ್ರ ತಂದುಕೊಡುವುದು ಈಗ ಸಾಮಾನ್ಯ. ಬಹುಪಾಲು ಹೊಸ ಯಂತ್ರಗಳು 100ರಿಂದ 240 ವೋಲ್ಟಿನಲ್ಲಿ ನಡೆಯುವುದರಿಂದ ಪ್ಲಗ್ ಬದಲಿಸಿದರೆ ಸಾಕು. ತೊಂದರೆ ಬರುವುದು ನಂತರ: ವಾರಂಟಿ ಇಲ್ಲಿ ನಡೆಯದಿರಬಹುದು, ಆ ಮಾಸ್ಕಿನ ಅಂಚು ಇಲ್ಲಿ ಸಿಗದಿರಬಹುದು. ಯಂತ್ರದ ಬೆಲೆ ಒಮ್ಮೆ ಕೊಡುವುದು, ಮಾಸ್ಕಿನ ಖರ್ಚು ಪದೇ ಪದೇ ಬರುವುದು. ಊರಲ್ಲಿ ಯಾವ ಮಾಸ್ಕಿನ ಬಿಡಿಭಾಗ ಸಿಗುತ್ತದೆ ಎಂದು ತಿಳಿದುಕೊಂಡು ಅಲ್ಲಿಂದ ಲೆಕ್ಕ ಶುರುಮಾಡುವುದು ಜಾಣತನ.

ಯಂತ್ರದ ಅಂಕಿಗಳು ಯಾರ ಕೈಯಲ್ಲಿರಬೇಕು

ಇಂದಿನ ಯಂತ್ರಗಳು ಪ್ರತಿ ರಾತ್ರಿಯ ಗಂಟೆ, ಸೋರಿಕೆ, ಒತ್ತಡ, ಉಳಿದ ಘಟನೆಗಳನ್ನು ಬರೆದಿಡುತ್ತವೆ. 1993ರಲ್ಲಿ ಅಮೆರಿಕದ ಸಂಶೋಧಕರು ಯಂತ್ರದೊಳಗೇ ಅಳತೆ ಇಟ್ಟು ನೋಡಿದಾಗ, ಹತ್ತರಲ್ಲಿ ಏಳು ರಾತ್ರಿಯಾದರೂ ತಲಾ ನಾಲ್ಕು ಗಂಟೆ ಬಳಸಿದವರು ಶೇ 46 ಮಾತ್ರ. ಜನ ಹೇಳಿಕೊಂಡದ್ದು ಅದಕ್ಕಿಂತ ಹೆಚ್ಚಿತ್ತು. ಆ ನಾಲ್ಕು ಗಂಟೆಯ ಗೆರೆಯೇ ಮುಂದೆ ಅಮೆರಿಕದ ಸರ್ಕಾರಿ ವಿಮೆ ಹಣ ಕೊಡುವ ಷರತ್ತಾಗಿ ಬೆಳೆಯಿತು.

ಒಂದು ಪಂಥದ ವೈದ್ಯರು ಅಂಕಿಗಳೂ ಒತ್ತಡದ ಕೀಲಿಯೂ ಆಸ್ಪತ್ರೆಯಲ್ಲೇ ಇರಲಿ ಎನ್ನುತ್ತಾರೆ. ರೋಗಿ ಒಂದೊಂದು ರಾತ್ರಿಯ ಏರಿಳಿತಕ್ಕೂ ಗಾಬರಿಯಾಗಿ ಒತ್ತಡ ತಿರುಗಿಸುತ್ತ ಕೂರುತ್ತಾನೆ ಎಂಬುದು ಅವರ ಆತಂಕ. ಅದರಲ್ಲಿ ಹುರುಳಿದೆ. ಇನ್ನೊಂದು ಕಡೆ ರೋಗಿಗಳೇ ತಮ್ಮ ದಾಖಲೆ ಓದಲೆಂದು ಕಟ್ಟಿದ ಆಸ್ಕರ್ ಎಂಬ ಉಚಿತ ತಂತ್ರಾಂಶವಿದೆ. ಯಂತ್ರದ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಇಡೀ ರಾತ್ರಿಯ ಉಸಿರಿನ ಅಲೆ ತೆರೆದುಕೊಳ್ಳುತ್ತದೆ. ನನ್ನ ಒಲವು ಇವರ ಕಡೆಗೆ. ಉಸಿರು ಯಾರದೋ ಅದರ ದಾಖಲೆಯೂ ಅವರಿಗೆ ಕಾಣಬೇಕು. ಒತ್ತಡ ಬದಲಿಸುವುದು ವೈದ್ಯರ ಜೊತೆಗೂಡಿ, ಒಮ್ಮೆಗೆ ಒಂದನ್ನೇ ಬದಲಿಸಿ, ಕೆಲವು ರಾತ್ರಿ ಕಾದು ನೋಡಿ ಆಗಬೇಕು. ಹೃದ್ರೋಗ ಅಥವಾ ಕೇಂದ್ರೀಯ ಅಪ್ನಿಯಾ ಇರುವವರು ಸ್ವಂತ ಪ್ರಯೋಗಕ್ಕೆ ಇಳಿಯಲೇಬಾರದು.

ಓದುವಾಗ ಮೊದಲು ನೋಡಬೇಕಾದದ್ದು ಸೋರಿಕೆ. ಸೋರಿಕೆ ಹೆಚ್ಚಿದ್ದರೆ ಉಳಿದ ಅಂಕಿಗಳನ್ನು ನಂಬುವಂತಿಲ್ಲ. ಯಂತ್ರ ತೋರುವ ಎಎಚ್‌ಐ ಪ್ರಯೋಗಾಲಯದ ಎಎಚ್‌ಐ ಅಲ್ಲ ಎಂಬುದೂ ನೆನಪಿರಲಿ. ಯಂತ್ರಕ್ಕೆ ಗಾಳಿಯ ಹರಿವು ಮಾತ್ರ ಕಾಣುತ್ತದೆ. ಮಿದುಳಿನ ಅಲೆಯಾಗಲಿ, ನೀವು ನಿಜವಾಗಿ ಮಲಗಿದ್ದಿರೋ ಎಂಬುದಾಗಲಿ ಅದಕ್ಕೆ ಗೊತ್ತಿಲ್ಲ.

2021ರ ಪೆಟ್ಟು

2021ರ ಜೂನ್‌ನಲ್ಲಿ, ಆ ಹೊತ್ತಿಗೆ ರೆಸ್ಪಿರಾನಿಕ್ಸನ್ನು ಕೊಂಡಿದ್ದ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಯಂತ್ರಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಯಿತು. ಸದ್ದು ಅಡಗಿಸಲು ಒಳಗಿಟ್ಟ ಪಾಲಿಯುರಿಥೇನ್ ಫೋಮ್ ಪುಡಿಯಾಗಿ, ಅದರ ಕಣಗಳೂ ಅನಿಲಗಳೂ ಉಸಿರಿಗೆ ಸೇರಬಹುದು ಎಂಬುದು ಕಾರಣ. 2024ರಲ್ಲಿ ಅಮೆರಿಕದ ದಾವೆಗಳನ್ನು ಇತ್ಯರ್ಥ ಮಾಡಲು ಕಂಪನಿ 110 ಕೋಟಿ ಡಾಲರ್ ಕೊಡಲು ಒಪ್ಪಿತು, ಅಲ್ಲಿ ಹೊಸ ಯಂತ್ರಗಳ ಮಾರಾಟ ನಿಲ್ಲಿಸಿತು. ಮಾಸ್ಕುಗಳಿಗೂ ಇಂಥದ್ದೇ ಎಚ್ಚರಿಕೆ ಬಂತು. ಪಟ್ಟಿಗಳನ್ನು ಸಿಕ್ಕಿಸುವ ಅಯಸ್ಕಾಂತಗಳು ಪೇಸ್‌ಮೇಕರಿನಂಥ ಸಾಧನಗಳಿಗೆ ತೊಂದರೆ ಕೊಡಬಹುದೆಂದು 2022ರಲ್ಲಿ ಫಿಲಿಪ್ಸ್, 2023ರಲ್ಲಿ ರೆಸ್‌ಮೆಡ್ ತಿಳಿಸಿದವು. ಪೇಸ್‌ಮೇಕರ್ ಇರುವವರಷ್ಟೇ ಅಲ್ಲ, ಅದೇ ಹಾಸಿಗೆಯಲ್ಲಿ ಮಲಗುವ ಸಂಗಾತಿಗೆ ಇದ್ದರೂ ಅಯಸ್ಕಾಂತವಿಲ್ಲದ ಕೊಂಡಿಯ ಮಾಸ್ಕನ್ನೇ ಕೇಳಿ ಪಡೆಯಬೇಕು.

ಹಳೆಯ ಯಂತ್ರ ಕೊಳ್ಳುವವರಿಗೆ ಇದು ನೇರವಾಗಿ ತಟ್ಟುವ ವಿಷಯ. ಹಣ ಉಳಿಸಲು ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಮಾದರಿಯ ಹೆಸರು ಮತ್ತು ಕ್ರಮಸಂಖ್ಯೆ ಹಿಂದಕ್ಕೆ ಕರೆದ ಪಟ್ಟಿಯಲ್ಲಿ ಇಲ್ಲವೆಂದು ನೋಡದೆ ಕೊಳ್ಳಬಾರದು. ಮಾಸ್ಕ್ ಮಾತ್ರ ಹೊಸದೇ ಇರಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಯಂತ್ರ ಬಾಡಿಗೆಗೂ ಸಿಗುತ್ತದೆ. ಮೊದಲ ತಿಂಗಳು ಬಾಡಿಗೆ ಯಂತ್ರದಲ್ಲಿ ಕಳೆದು, ಕೈಯಲ್ಲಿರುವ ಹಣವನ್ನು ಎರಡು ಮೂರು ಬಗೆಯ ಮಾಸ್ಕ್ ಪರೀಕ್ಷಿಸಲು ಬಳಸಿ, ಮುಖಕ್ಕೆ ಒಗ್ಗಿದ್ದು ಸಿಕ್ಕ ಮೇಲೆ ಯಂತ್ರ ಕೊಳ್ಳುವುದು ನಾನು ಕೊಡುವ ಸಲಹೆ. ಒಗ್ಗದ ಮಾಸ್ಕನ್ನು ಬದಲಿಸಿಕೊಡುವ ಅಂಗಡಿ, ಯಂತ್ರಕ್ಕೆ ಸಾವಿರ ರೂಪಾಯಿ ಹೆಚ್ಚು ಕೇಳಿದರೂ, ಕೊನೆಗೆ ಅಗ್ಗವೇ ಆಗುತ್ತದೆ.

ಇನ್ನೂ ಇತ್ಯರ್ಥವಾಗದ ಪ್ರಶ್ನೆಗಳು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹೃದಯದ್ದು. ಸಿಪ್ಯಾಪ್ ಹಗಲಿನ ತೂಕಡಿಕೆ ಕಡಿಮೆ ಮಾಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ರಕ್ತದೊತ್ತಡವನ್ನೂ ಸರಾಸರಿ 2ರಿಂದ 3 ಅಂಕಿ ಇಳಿಸುತ್ತದೆ. ಹೃದಯಾಘಾತ, ಪಾರ್ಶ್ವವಾಯು, ಸಾವನ್ನು ತಡೆಯುತ್ತದೆಯೇ? 2016ರಲ್ಲಿ ಬಂದ ಸೇವ್ ಪ್ರಯೋಗದಲ್ಲಿ, ಮೊದಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ರೋಗವಿದ್ದ 2,717 ಮಂದಿ ಇದ್ದರು. ಭಾರತದ ರೋಗಿಗಳೂ ಅದರಲ್ಲಿದ್ದರು. ಉತ್ತರ ‘ಇಲ್ಲ’ ಎಂದು ಬಂತು. ಆದರೆ ಅವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರ. ಚಿಕಿತ್ಸೆ ಸೋತಿತೋ, ಚಿಕಿತ್ಸೆ ಸಾಕಷ್ಟು ತಲುಪಲೇ ಇಲ್ಲವೋ ಎಂಬ ವಾದ ಇನ್ನೂ ನಡೆದಿದೆ. ಹೆಚ್ಚು ತೂಕಡಿಸುವವರನ್ನು ಇಂಥ ಪ್ರಯೋಗಗಳಿಂದ ಹೊರಗಿಟ್ಟಿದ್ದರು ಎಂಬ ಆಕ್ಷೇಪವೂ ಇದೆ. ಅವರಿಗೆ ಚಿಕಿತ್ಸೆ ನಿರಾಕರಿಸುವುದು ನ್ಯಾಯವಲ್ಲ, ಆದರೆ ಹೆಚ್ಚು ಲಾಭ ಆಗುವವರೂ ಬಹುಶಃ ಅವರೇ.

ಎಎಚ್‌ಐ ಎಂಬ ಅಳತೆಯೇ ಸರಿಯೇ ಎಂಬುದು ಎರಡನೆಯದು. ಹನ್ನೆರಡು ಸೆಕೆಂಡಿನ ತಡೆಗೂ ಅರವತ್ತು ಸೆಕೆಂಡಿನ ತಡೆಗೂ ಅದರಲ್ಲಿ ಒಂದೇ ಬೆಲೆ. ಆಮ್ಲಜನಕ ಎಷ್ಟು ಆಳಕ್ಕೆ, ಎಷ್ಟು ಹೊತ್ತು ಇಳಿಯಿತು ಎಂಬ ಲೆಕ್ಕ ಬೇಕೆನ್ನುವವರ ಸಂಖ್ಯೆ ಹೆಚ್ಚುತ್ತಿದೆ. ನಾಲ್ಕು ಗಂಟೆಯ ಗೆರೆಯೂ ಹೀಗೆಯೇ ಅಲುಗಾಡುತ್ತಿದೆ, ಯಾಕೆಂದರೆ ಬೇರೆ ಬೇರೆ ತೊಂದರೆಗಳಿಗೆ ಬೇರೆ ಬೇರೆ ಗಂಟೆಗಳಲ್ಲಿ ಗುಣ ಕಾಣುತ್ತದೆ. ಆಟೋ ಯಂತ್ರಗಳು ಒತ್ತಡ ಏರಿಸುವ ಲೆಕ್ಕಾಚಾರವನ್ನು ಪ್ರತಿ ಕಂಪನಿ ತನ್ನ ಗುಟ್ಟಾಗಿ ಇಟ್ಟುಕೊಂಡಿರುವುದರಿಂದ ಒಂದನ್ನು ಇನ್ನೊಂದರ ಜೊತೆ ಹೋಲಿಸುವುದೂ ಕಷ್ಟ. ಪ್ರಯೋಗಗಳಲ್ಲಿ ಭಾಗವಹಿಸಿದವರಲ್ಲಿ ಗಂಡಸರೇ ಹೆಚ್ಚು. ಹೆಂಗಸರಿಗೆ ಬೇರೆಯೇ ಲೆಕ್ಕಾಚಾರ ಬೇಕೇ ಎಂಬುದಕ್ಕೆ ಮಾರುಕಟ್ಟೆ ಉತ್ತರ ಕೊಟ್ಟಿದೆ, ವಿಜ್ಞಾನ ಇನ್ನೂ ಪೂರ್ತಿ ಕೊಟ್ಟಿಲ್ಲ. ಮೂಗಿನ ಎತ್ತರ, ಕೆನ್ನೆಯ ಅಗಲ, ಗದ್ದದ ಉದ್ದ ನಾಡಿನಿಂದ ನಾಡಿಗೆ ಬೇರೆಯಾಗುವಾಗ ಸಣ್ಣ, ಮಧ್ಯಮ, ದೊಡ್ಡದು ಎಂಬ ಮೂರು ಅಳತೆ ಎಷ್ಟು ಮುಖಗಳಿಗೆ ಸಾಲುತ್ತದೆ ಎಂಬುದೂ ತೆರೆದ ಪ್ರಶ್ನೆ. ಮುಖದ ಚಿತ್ರ ತೆಗೆದು ಒಬ್ಬೊಬ್ಬರಿಗೂ ಮಾಸ್ಕ್ ಅಚ್ಚು ಹಾಕುವ ಪ್ರಯತ್ನಗಳು ನಡೆದಿವೆ. ಅದರಿಂದ ಬಳಕೆ ನಿಜಕ್ಕೂ ಹೆಚ್ಚುತ್ತದೆಯೇ ಎಂಬುದನ್ನು ದೊಡ್ಡ ಪ್ರಯೋಗಗಳಲ್ಲಿ ನೋಡಬೇಕಾಗಿದೆ.

2024ರ ಡಿಸೆಂಬರ್‌ನಲ್ಲಿ ಟಿರ್ಜೆಪಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದಿಗೆ, ಬೊಜ್ಜಿನ ಜೊತೆಗಿರುವ ಮಧ್ಯಮ ಮತ್ತು ತೀವ್ರ ಅಪ್ನಿಯಾಗೆ ಬಳಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಯಂತ್ರ ಬಿಡಬಹುದು ಎಂಬ ಆಸೆ ಅನೇಕರಲ್ಲಿ ಚಿಗುರಿದೆ. ಆದರೆ ಏಷ್ಯಾದ ಜನರಲ್ಲಿ ಮುಖದ ಮೂಳೆಯ ರಚನೆಯಿಂದಾಗಿ, ತೂಕ ಹೆಚ್ಚಿಲ್ಲದವರಿಗೂ ಈ ರೋಗ ಬರುತ್ತದೆ. ಅವರಿಗೆ ಈ ಮದ್ದು ಏನು ಮಾಡಬಲ್ಲದು? ತೂಕ ಇಳಿದವರಲ್ಲಿ ಯಾರಿಗೆ ಯಂತ್ರ ಬೇಡ, ಯಾರಿಗೆ ಕಡಿಮೆ ಒತ್ತಡ ಸಾಕು, ಮರುಪರೀಕ್ಷೆ ಯಾವಾಗ, ಮದ್ದು ನಿಲ್ಲಿಸಿದ ಮೇಲೆ ಉಸಿರುಗಟ್ಟುವಿಕೆ ಎಷ್ಟು ಬೇಗ ಮರಳುತ್ತದೆ ಎಂಬ ಪ್ರಶ್ನೆಗಳಿಗೆ ವೈದ್ಯರ ಬಳಿ ಈಗ ಇರುವುದು ಅಂದಾಜುಗಳು.